ಹಠ ಅನ್ನುವ ಮೊದಲು ಹೊಟ್ಟೆ ನೋಡಿ: ಆಟಿಸಂ ಇರುವ ಮಕ್ಕಳ ಮನೆಯವರಿಗೆ

"ಅಕ್ಕಾರ, ಹೊಟ್ಟಿ ಸರಿ ಮಾಡಿದ್ರ ಆಟಿಸಂ ಹೋಗತೈತೇನ್ರಿ?"

ಬಾಗಲಕೋಟೆಯಲ್ಲಿ ನಾವು ಕೆಲವು ಅಪ್ಪ ಅಮ್ಮಂದಿರು ತಿಂಗಳಿಗೊಮ್ಮೆ ಸೇರುತ್ತೇವೆ. ಹೊಸದಾಗಿ ಬಂದವರ ಮೊದಲ ಪ್ರಶ್ನೆ ಬಹಳ ಸಲ ಇದೇ. ಮುಧೋಳದವರೂ ಕೇಳುತ್ತಾರೆ, ಇಂಡಿ, ಗೋಕಾಕದಿಂದ ಫೋನ್ ಮಾಡುವವರೂ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಅರ್ಧ ಗಂಟೆ ಫೋನಿನಲ್ಲಿ ಹೇಳಿ, ಇಟ್ಟ ಮೇಲೆ "ಅಯ್ಯೋ, ಅದನ್ನು ಹೇಳಲೇ ಇಲ್ಲ" ಅಂತ ನೆನಪಾಗುತ್ತದೆ. ಅದಕ್ಕೇ ಒಮ್ಮೆ ಬರೆದುಬಿಡೋಣ ಅನ್ನಿಸಿತು.

ಚಿಕ್ಕ ಉತ್ತರ: ಇಲ್ಲ, ಹೋಗಲ್ಲ. ಆದರೆ ಹೊಟ್ಟೆ ನೋವಿನಿಂದಲೇ ಕಿರುಚುವ, ತಲೆ ಚಚ್ಚಿಕೊಳ್ಳುವ, ರಾತ್ರಿ 2 ಗಂಟೆಗೆ ಎದ್ದು ಕೂರುವ ಮಗುವಿಗೆ ಆ ನೋವು ಹೋದರೆ ಆ ಕಿರುಚಾಟ ಕಡಿಮೆ ಆಗುತ್ತದೆ. ಇವೆರಡು ಬೇರೆ ಬೇರೆ ಮಾತು. ಎರಡನ್ನೂ ಒಂದೇ ಮಾಡಿ ದುಡ್ಡು ಮಾಡುವವರು ಬಹಳ ಜನ ಇದ್ದಾರೆ, ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಡಾಕ್ಟರ್ ಅಲ್ಲ, ಮಾತು ಕಡಿಮೆ ಇರುವ ಹುಡುಗನ ತಾಯಿ. ಹಾಗಾಗಿ ಔಷಧದ ಪ್ರಮಾಣ ಎಲ್ಲೂ ಬರೆದಿಲ್ಲ, ಫೋನ್ ಮಾಡಿದರೂ ಹೇಳಲ್ಲ. ಇನ್ನೊಂದು ವಿಷಯ, ಇಲ್ಲಿ ಉದ್ದಕ್ಕೂ 'ಕಕ್ಕ' ಅಂತಲೇ ಬರೆಯುತ್ತೇನೆ. ನಾಚಿಕೊಂಡು ಕೂತರೆ ಈ ವಿಷಯ ಒಂದು ಹೆಜ್ಜೆಯೂ ಮುಂದೆ ಹೋಗಲ್ಲ.

ಮೊದಲು ಸ್ವಲ್ಪ ಹಿನ್ನೆಲೆ

ಆಟಿಸಂ ಹೊಟ್ಟೆಯ ಕಾಯಿಲೆ ಅಲ್ಲ, ಮೆದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಆದರೂ ಈ ಮಕ್ಕಳಿಗೆ ಹೊಟ್ಟೆಯ ತೊಂದರೆ ಜಾಸ್ತಿ ಅನ್ನುವುದು ನಿಜ. ಅಮೆರಿಕದ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ 2014ರಲ್ಲಿ ಹಳೆಯ ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದ್ದರು. ಬೇರೆ ಮಕ್ಕಳಿಗೆ ಹೋಲಿಸಿದರೆ ಇವರಲ್ಲಿ ಹೊಟ್ಟೆಯ ತಕರಾರು ಸುಮಾರು 4 ಪಟ್ಟು ಜಾಸ್ತಿ ಕಂಡಿತು. ಮಲಬದ್ಧತೆ, ಭೇದಿ, ಹೊಟ್ಟೆ ನೋವು, ಈ ಮೂರೂ ಜಾಸ್ತಿ. ಅದಕ್ಕೂ ಮೊದಲು, 2010ರಲ್ಲಿ, ಅದೇ ಪತ್ರಿಕೆಯಲ್ಲಿ ತಜ್ಞರ ಗುಂಪೊಂದು ಒಂದು ಮುಖ್ಯ ಮಾತು ಹೇಳಿತ್ತು: ಮಾತು ಬರದ ಮಗುವಿನಲ್ಲಿ ಹೊಟ್ಟೆಯ ಕಾಯಿಲೆಗೆ ಇರುವ ಒಂದೇ ಒಂದು ಗುರುತು ವರ್ತನೆ ಬದಲಾಗುವುದೇ ಆಗಿರಬಹುದು.

ಕರುಳಿಗೂ ಮೆದುಳಿಗೂ ನರದ ಮೂಲಕ ಸುದ್ದಿ ಹೋಗುತ್ತಾ ಬರುತ್ತಾ ಇರುತ್ತದೆ. ಮನಸ್ಸಿನ ಏರಿಳಿತದ ಜೊತೆ ಹೆಸರು ಕೇಳಿಬರುವ ಸೆರೊಟೋನಿನ್ ಎಂಬ ರಾಸಾಯನಿಕ ಇದೆಯಲ್ಲ, ನಮ್ಮ ದೇಹದಲ್ಲಿರುವ ಅದರ ನೂರಕ್ಕೆ ಸುಮಾರು 90 ಭಾಗ ಇರುವುದು ಕರುಳಿನಲ್ಲೇ. ಇಷ್ಟು ಕೇಳಿದ ಕೂಡಲೇ "ಹಾಗಾದರೆ ಕರುಳೇ ಆಟಿಸಂಗೆ ಕಾರಣ" ಅಂತ ಹಾರಬೇಡಿ. ಆಸ್ಟ್ರೇಲಿಯಾದಲ್ಲಿ 247 ಮಕ್ಕಳ ಕಕ್ಕದಲ್ಲಿರುವ ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿ 2021ರಲ್ಲಿ ಪ್ರಕಟಿಸಿದರು. ಆಟಿಸಂ ಇದ್ದ ಮಕ್ಕಳು ಕೆಲವೇ ಬಗೆ ಊಟಕ್ಕೆ ಅಂಟಿಕೊಂಡಿದ್ದರಿಂದ ಕರುಳಿನ ಬ್ಯಾಕ್ಟೀರಿಯಾದ ವೈವಿಧ್ಯ ಕಡಿಮೆ ಆಗಿದೆ, ಬ್ಯಾಕ್ಟೀರಿಯಾದಿಂದ ಆಟಿಸಂ ಬಂದಂತೆ ಕಾಣಲ್ಲ ಅನ್ನುವ ಕಡೆಗೆ ಅವರ ಲೆಕ್ಕ ಬಂತು.

ಏನೇನು ಬೇಕು

ಒಂದು 40 ಪುಟದ ನೋಟ್‌ಬುಕ್, ಮೊಬೈಲಿನ ಕ್ಯಾಮೆರಾ, ಮಗು ಕಾಲಿಟ್ಟುಕೊಳ್ಳಲು ಒಂದು ಸ್ಟೂಲು ಅಥವಾ ಮಣೆ, ಮತ್ತು ಕಡಿಮೆ ಅಂದರೂ 3 ತಿಂಗಳ ತಾಳ್ಮೆ. ದುಬಾರಿ ಪೌಡರು, ಅಮೆರಿಕದ ಡಬ್ಬಿ ಯಾವುದೂ ಬೇಡ.

ಹಂತ 1: ನೋವಿನ ಭಾಷೆ ಕಲಿಯಿರಿ

ನಮ್ಮ ಮಗ ಸೋಫಾದ ಕೈ ಮೇಲೆ ಹೊಟ್ಟೆ ಒತ್ತಿ ನೇತಾಡುತ್ತಿದ್ದ. ಅದೊಂದು ಅಭ್ಯಾಸ, ಅವನಿಗೆ ಹಿತ ಅನ್ನಿಸುತ್ತದೆ ಅಂತ ಒಂದು ವರ್ಷ ಸುಮ್ನೆ ಬಿಟ್ಟೆವು. ತೋರಿಸಿದ ಕಡೆಯಲ್ಲೂ "ಆಟಿಸಂ ಮಕ್ಕಳು ಹಾಗೇರಿ" ಅಂದು ಕಳಿಸಿದರು. ಆಮೇಲೆ ಗೊತ್ತಾಯಿತು, ಅವನು ಹೊಟ್ಟೆಯನ್ನು ಒತ್ತಿ ನೋವು ಕಡಿಮೆ ಮಾಡಿಕೊಳ್ಳುತ್ತಿದ್ದ.

ಹೀಗೆ ಕಂಡರೆ ಹೊಟ್ಟೆಯ ಮೇಲೆ ಅನುಮಾನ ಇಡಿ. ಮೇಜು, ಮಂಚದ ಅಂಚಿಗೆ ಹೊಟ್ಟೆ ಒತ್ತುವುದು. ಊಟ ಆದ ಸ್ವಲ್ಪ ಹೊತ್ತಿಗೆ ಬೆನ್ನು ಹಿಂದಕ್ಕೆ ಬಿಲ್ಲಿನ ಹಾಗೆ ಬಗ್ಗಿಸುವುದು. ಮತ್ತೆ ಮತ್ತೆ ಎಂಜಲು ನುಂಗುವುದು, ಗಂಟಲು ಕೆರೆಯುವುದು, ಗಂಟಲ ಮೇಲೆ ಬೆರಳಿನಿಂದ ಬಡಿಯುವುದು, ಅಂಗಿಯ ಕಾಲರ್ ಅಗಿಯುವುದು. ಇವು ಹುಳಿ ಮೇಲಕ್ಕೆ ಬರುವ ತೊಂದರೆಯ, ಅಂದರೆ ರಿಫ್ಲಕ್ಸ್‌ನ ಸೂಚನೆ ಇರಬಹುದು. ಕಾಲು ಕತ್ತರಿ ಹಾಕಿ, ತುದಿಗಾಲಲ್ಲಿ ನಿಂತು, ಮುಖ ಕೆಂಪಾಗಿ, ಪರದೆಯ ಹಿಂದೆ ಹೋಗಿ ನಿಲ್ಲುವುದನ್ನು ಬಹಳ ಜನ "ಕಕ್ಕ ಮಾಡೋಕೆ ತಿಣುಕ್ತಾನೆ" ಅಂತಾರೆ. ನಿಜವಾಗಿ ಅವನು ಬರುತ್ತಿರುವುದನ್ನು ತಡೆಹಿಡಿಯುತ್ತಿರುತ್ತಾನೆ. ಹಿಂದೆ ಒಮ್ಮೆ ನೋವಾಗಿದೆ, ಅದಕ್ಕೆ ಹೆದರಿಕೆ.

ಎಲ್ಲಕ್ಕಿಂತ ಮುಖ್ಯ: ಇದ್ದಕ್ಕಿದ್ದಂತೆ ಹೊಸದಾಗಿ ಶುರುವಾದ ಹೊಡೆತ, ಕಚ್ಚುವುದು, ನಿದ್ದೆಗೇಡು. ಎರಡು ತಿಂಗಳ ಹಿಂದೆ ಇರಲಿಲ್ಲ, ಈಗ ಇದೆ ಅಂದರೆ ಏನೋ ಬದಲಾಗಿದೆ. ಹೊಟ್ಟೆಯ ಜೊತೆಗೆ ಹಲ್ಲು, ಕಿವಿಯನ್ನೂ ನೋಡಿಸಿ. ಹುಳುಕು ಹಲ್ಲಿನ ನೋವೂ ಇದೇ ವೇಷದಲ್ಲಿ ಬರುತ್ತದೆ.

ಹಂತ 2: ಎರಡು ವಾರ ಬರೆದಿಡಿ

ಇದನ್ನು ಹಾರಿಸಿ ನೇರ ಡಾಕ್ಟರ ಹತ್ತಿರ ಹೋಗುವವರೇ ಜಾಸ್ತಿ. ದಯವಿಟ್ಟು ಹಾರಿಸಬೇಡಿ, ಇಡೀ ಲೇಖನದಲ್ಲಿ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಇದೇ. ಆದರೆ ಮುಂದಿನ ಹಂತದಲ್ಲಿ ಬರೆದಿರುವ ಅಪಾಯದ ಸೂಚನೆ ಇದ್ದರೆ ಮಾತ್ರ ಕಾಯದೆ ಹೊರಡಿ.

ದಿನಕ್ಕೊಂದು ಪುಟ. ಕಕ್ಕ ಎಷ್ಟು ಗಂಟೆಗೆ ಆಯಿತು, ಹೇಗಿತ್ತು. ಏನು ತಿಂದ, ಎಷ್ಟು ನೀರು ಕುಡಿದ. ರಾತ್ರಿ ಎಷ್ಟು ಸಲ ಎದ್ದ. ರಂಪ ಆಗಿದ್ದರೆ ಯಾವಾಗ, ಅದಕ್ಕೂ ಮುಂಚೆ ಏನಾಗುತ್ತಿತ್ತು, ಆಮೇಲೆ ಏನಾಯಿತು. ಕೊಡುತ್ತಿರುವ ಔಷಧ. ಅಷ್ಟು ಸಾಕು. ರಂಪದ, ಹೊಟ್ಟೆ ಒತ್ತುವ ಒಂದೆರಡು ನಿಮಿಷದ ವಿಡಿಯೋ ಮಾಡಿಟ್ಟುಕೊಳ್ಳಿ, ಡಾಕ್ಟರಿಗೆ ನೂರು ಮಾತಿಗಿಂತ ಅದು ಬೇಗ ಅರ್ಥ ಆಗುತ್ತದೆ. ಆ ವಿಡಿಯೋ ಡಾಕ್ಟರಿಗೆ ಮಾತ್ರ, ಮನೆಯವರ ವಾಟ್ಸಾಪ್ ಗುಂಪಿಗಲ್ಲ.

ಕಕ್ಕ ಹೇಗಿತ್ತು ಅಂತ ಬರೆಯಲು ಬ್ರಿಸ್ಟಲ್ ಚಾರ್ಟ್ ಅಂತ ಒಂದು ಪಟ್ಟಿ ಇದೆ. ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಡಾಕ್ಟರುಗಳು ಮಾಡಿದ್ದು, ಎಲ್ಲ ಕಡೆ ಬಳಸುತ್ತಾರೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ:

1 – ಆಡಿನ ಹಿಕ್ಕೆಯ ಹಾಗೆ ಬಿಡಿ ಬಿಡಿ ಗಟ್ಟಿ ಉಂಡೆ.
2 – ಆ ಉಂಡೆಗಳೇ ಒಂದಕ್ಕೊಂದು ಅಂಟಿಕೊಂಡ ಗಂಟು ಗಂಟಾದ ಗಟ್ಟಿ ತುಂಡು.
3 – ಉದ್ದಕ್ಕಿದೆ, ಮೇಲೆ ಬಿರುಕು.
4 – ಸಿಪ್ಪೆ ಸುಲಿದ ಬಾಳೆಹಣ್ಣಿನ ಹಾಗೆ ಮೆತ್ತಗೆ, ನುಣುಪು.
5 – ಮೆತ್ತನೆಯ ಬಿಡಿ ತುಂಡು.
6 – ನೀರಾದ ನುಚ್ಚಿನ ಹಾಗೆ.
7 – ಬರೀ ನೀರು.

1 ಮತ್ತು 2 ಬಂದರೆ ಮಲಬದ್ಧತೆ. 3, 4 ಚೆನ್ನಾಗಿದೆ. 6, 7 ಭೇದಿ. ದಿನಾ ಪುಟದಲ್ಲಿ ನಂಬರ್ ಬರೆದರೆ ಆಯಿತು.

ಎರಡು ವಾರ ಆದ ಮೇಲೆ ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕಕ್ಕ ಆಗದ ಮೂರನೇ ನಾಲ್ಕನೇ ದಿನಕ್ಕೆ ರಂಪ ಏರುತ್ತಾ ಬಂದು, ಆದ ದಿನ ಮಗು ಹಗುರಾಗಿ ಆಡಿಕೊಂಡಿದ್ದರೆ ಉತ್ತರ ನಿಮ್ಮ ಕೈಯಲ್ಲೇ ಇದೆ. ರಂಪ ಶಾಲೆ ಇರುವ ದಿನ ಮಾತ್ರ, ಅಥವಾ ಮೊಬೈಲ್ ಕಿತ್ತುಕೊಂಡಾಗ ಮಾತ್ರ ಅಂದರೆ ಕಾರಣ ಬೇರೆ ಇರಬಹುದು. ಹೊಟ್ಟೆಯ ಮೇಲೆ ಎಲ್ಲವನ್ನೂ ಹಾಕುವುದೂ ತಪ್ಪೇ.

ಇಲ್ಲಿ ಎಲ್ಲರೂ ಎಡವುವ ಒಂದು ಕಲ್ಲಿದೆ. "ನಮ್ಮ ಹುಡುಗನಿಗೆ ಮಲಬದ್ಧತೆ ಇಲ್ಲರೀ, ದಿನಕ್ಕೆ ನಾಲ್ಕು ಸಲ ಚಡ್ಡಿಯಲ್ಲೇ ತೆಳ್ಳಗೆ ಮಾಡಿಕೊಳ್ತಾನೆ" ಅನ್ನುತ್ತಾರೆ. ಒಳಗೆ ಗಟ್ಟಿ ಕಕ್ಕ ಕಲ್ಲಿನ ಹಾಗೆ ಕೂತಿರುತ್ತದೆ, ಅದರ ಪಕ್ಕದಿಂದ ನೀರಿನಂಥದ್ದು ಜಿನುಗಿ ಚಡ್ಡಿಗೆ ಬರುತ್ತದೆ. ಕಾಲುವೆಗೆ ಬಂಡೆ ಬಿದ್ದರೆ ಸಂದಿಯಿಂದ ನೀರು ಹರಿಯಲ್ವಾ, ಹಾಗೆ. ಅದನ್ನು ಭೇದಿ ಅಂದುಕೊಂಡು ಭೇದಿ ನಿಲ್ಲುವ ಮಾತ್ರೆ ಕೊಟ್ಟರೆ ಕೆಟ್ಟದ್ದು ಇನ್ನೂ ಕೆಡುತ್ತದೆ. ಮಗುವನ್ನು ಬೈದು ಹೊಡೆದು ಉಪಯೋಗವಿಲ್ಲ, ಜಿನುಗುವುದು ಅವನಿಗೆ ಗೊತ್ತೇ ಆಗುವುದಿಲ್ಲ.

ಹಂತ 3: ಕಾಯಬಾರದ ಸೂಚನೆಗಳು

ಕಕ್ಕದಲ್ಲಿ ರಕ್ತ, ಅಥವಾ ಟಾರಿನಂತೆ ಕಪ್ಪು (ಕಬ್ಬಿಣದ ಸಿರಪ್ ಕುಡಿಯುತ್ತಿದ್ದರೂ ಕಪ್ಪಾಗುತ್ತದೆ, ಅದನ್ನು ಡಾಕ್ಟರಿಗೆ ಹೇಳಿ). ಹಸಿರು ವಾಂತಿ. ಹೊಟ್ಟೆ ಉಬ್ಬಿ ಬಿಗಿಯಾಗಿ, ಗಾಳಿಯೂ ಹೋಗದೆ ವಾಂತಿ. ತೂಕ ಇಳಿಯುವುದು. ಜ್ವರದ ಜೊತೆ ಹೊಟ್ಟೆ ನೋವು. ನಿದ್ದೆಯಿಂದ ಎಬ್ಬಿಸುವ ಭೇದಿ. ಹುಟ್ಟಿದಾಗಿನಿಂದಲೇ ಇರುವ ಮಲಬದ್ಧತೆ, ಅದರಲ್ಲೂ ಹುಟ್ಟಿ 2 ದಿನ ಆದರೂ ಮೊದಲ ಕಕ್ಕ ಆಗಿರಲಿಲ್ಲ ಅಂದರೆ. ಆಟಿಕೆಯ ಬಟನ್ ಸೆಲ್ ಅಥವಾ ಮ್ಯಾಗ್ನೆಟ್ ನುಂಗಿದ ಅನುಮಾನ ಇದ್ದರೆ ನೋಟ್‌ಬುಕ್ ಹುಡುಕುತ್ತಾ ಕೂರಬೇಡಿ, ಗಾಡಿ ಹತ್ತಿ.

ಹಂತ 4: ಡಾಕ್ಟರ ಮುಂದೆ ಕೂತಾಗ

ಮೊದಲು ಮಕ್ಕಳ ಡಾಕ್ಟರ್ ಸಾಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ, ಮಕ್ಕಳ ವಿಭಾಗ ಇದೆ. ಖರ್ಚಿನ ಚಿಂತೆ ಇದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಎಲ್ಲಿದೆ ಅಂತ ಕೇಳಿ. ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಜಿಲ್ಲಾ ಕೇಂದ್ರ. 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಎಂಬ ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಯೋಜನೆಯಡಿ ಬರುತ್ತದೆ, 18 ವರ್ಷದವರೆಗಿನ ಮಕ್ಕಳಿಗೆ. ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿಯವರಿಗೆ ದಾರಿ ಗೊತ್ತಿರುತ್ತದೆ. ಆಟಿಸಂನಂಥ ಅಂಗವೈಕಲ್ಯ ಇರುವವರಿಗಾಗಿ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಕೊಡುವ ನಿರಾಮಯ ಆರೋಗ್ಯ ವಿಮೆ ಮಾಡಿಸಿದ್ದರೆ ವರ್ಷಕ್ಕೆ 1 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ, ಮಾಡಿಸಿಲ್ಲದಿದ್ದರೆ ಮಾಡಿಸಿ.

ಒಳಗೆ ಹೋದಾಗ "ಬಹಳ ಹಠ ಮಾಡ್ತಾನ್ರಿ" ಅಂತ ಶುರು ಮಾಡಬೇಡಿ. ಹಾಗೆ ಶುರು ಮಾಡಿದರೆ ಮಾತು ಹಠದ ಔಷಧದ ಕಡೆಗೇ ಹೋಗುತ್ತದೆ. ಹೀಗೆ ಹೇಳಿ: "14 ದಿನದಲ್ಲಿ 4 ಸಲ ಕಕ್ಕ ಆಗಿದೆ, ಎಲ್ಲವೂ ಗಟ್ಟಿ, ಆಗದ ದಿನ ತಲೆ ಹೊಡೆದುಕೊಳ್ತಾನೆ. ಹೊಟ್ಟೆ ಮುಟ್ಟಿ ನೋಡ್ತೀರಾ?" ವಿಡಿಯೋ ತೋರಿಸಿ. "ಆಟಿಸಂ ಇಲ್ಲದ ಮಗುವಿಗೆ ಹೀಗಾಗಿದ್ದರೆ ಏನು ಪರೀಕ್ಷೆ ಮಾಡ್ತಿದ್ರಿ, ಅದನ್ನೇ ಇವನಿಗೂ ಮಾಡಿ" ಅಂತ ಮರ್ಯಾದೆಯಿಂದಲೇ ಕೇಳಬಹುದು.

ಮರೆಯದೆ ಕೇಳಬೇಕಾದವು ಇನ್ನೂ ಕೆಲವು ಇವೆ. ಈಗ ಕೊಡುತ್ತಿರುವ ಔಷಧದಿಂದಲೇ ಹೀಗಾಗುತ್ತಿದೆಯಾ ಅಂತ ಕೇಳಿ. ಸಿಟ್ಟು ಕಡಿಮೆ ಮಾಡಲು ಕೊಡುವ ರಿಸ್ಪೆರಿಡೋನ್‌ನಿಂದ ಮಲಬದ್ಧತೆ ಆಗಬಹುದು, ಕಬ್ಬಿಣದ ಸಿರಪ್‌ನಿಂದಲೂ ಆಗಬಹುದು. ಮೂರ್ಛೆಗೆ ಕೊಡುವ ವ್ಯಾಲ್‌ಪ್ರೊಯೇಟ್‌ನಿಂದ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಹಾಗಂತ ನೀವೇ ನಿಲ್ಲಿಸಿಬಿಡಬೇಡಿ, ಮೂರ್ಛೆಯ ಔಷಧ ಇದ್ದಕ್ಕಿದ್ದಂತೆ ನಿಲ್ಲಿಸುವುದು ಅಪಾಯ. ಮಣ್ಣು, ಸುಣ್ಣ, ಬಳಪ ತಿನ್ನುವ ಮಗುವಾದರೆ ರಕ್ತಹೀನತೆ ಪರೀಕ್ಷೆ ಮಾಡಿಸಿ, ಸೀಸ ಹೊಟ್ಟೆಗೆ ಹೋಗಿರಬಹುದಾ ಅಂತಲೂ ಕೇಳಿ. ರಾತ್ರಿ ಹೊತ್ತು ಹಿಂದೆ ತುರಿಸಿಕೊಂಡು ಅಳುತ್ತಿದ್ದರೆ ಅದು ಸಣ್ಣ ಬಿಳಿ ಹುಳದ ಕಾಟ ಇರಬಹುದು. ಸರ್ಕಾರ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದ ಮಕ್ಕಳಿಗೆ ಶಾಲೆ, ಅಂಗನವಾಡಿಯಲ್ಲಿ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತದೆ. ನಮ್ಮ ಮಕ್ಕಳು ಆ ದಿನ ಶಾಲೆಗೇ ಹೋಗಿರಲ್ಲ, ಅಥವಾ ಉಗುಳಿಬಿಟ್ಟಿರುತ್ತಾರೆ. ನುಂಗಿದ್ದಾನಾ ಅಂತ ವಿಚಾರಿಸಿ.

ಹಂತ 5: ಮೊದಲು ಖಾಲಿ ಮಾಡಿಸಿ, ಆಮೇಲೆ ಕಾಯ್ದುಕೊಳ್ಳಿ

ಒಳಗೆ ಗಟ್ಟಿ ಕೂತಿದ್ದರೆ ಎಷ್ಟು ಪೇರಲ ಹಣ್ಣು ತಿನ್ನಿಸಿದರೂ ಹೊಟ್ಟೆ ಇನ್ನೂ ಬಿಗಿಯುತ್ತದೆಯೇ ಹೊರತು ಹೋಗಲ್ಲ. ಮೊದಲು ಅದು ಹೊರಗೆ ಬರಬೇಕು. ಡಾಕ್ಟರು ಸಾಮಾನ್ಯವಾಗಿ ಪಿಇಜಿ ಪುಡಿ ಅಥವಾ ಲ್ಯಾಕ್ಟುಲೋಸ್ ಸಿರಪ್ ಬರೆಯುತ್ತಾರೆ. ಎರಡೂ ಕರುಳಿನಲ್ಲಿ ನೀರು ಹಿಡಿದಿಟ್ಟು ಕಕ್ಕವನ್ನು ಮೆತ್ತಗೆ ಮಾಡುತ್ತವೆ. "ಚಟ ಆಗುತ್ತದೆ, ಆಮೇಲೆ ಔಷಧ ಇಲ್ಲದೆ ಹೋಗೋದೇ ಇಲ್ಲ" ಅಂತ ಅತ್ತೆ, ಪಕ್ಕದ ಮನೆಯವರು, ಕೆಲವೊಮ್ಮೆ ಔಷಧ ಅಂಗಡಿಯವರೂ ಹೆದರಿಸುತ್ತಾರೆ. ಈ ಎರಡಕ್ಕೆ ಆ ಭಯ ಬೇಡ.

ಖಾಲಿ ಆಗುವ ಎರಡು ಮೂರು ದಿನ ಮನೆ ರಣರಂಗ. ರಜೆ ನೋಡಿಕೊಂಡು ಶುರು ಮಾಡಿ, ಹಳೇ ಬಟ್ಟೆ ಹಾಸಿಡಿ.

ಆಮೇಲೆ ದಿನಾ ಸ್ವಲ್ಪ ಔಷಧ ಮುಂದುವರಿಯುತ್ತದೆ. ಎರಡು ವಾರ ಚೆನ್ನಾಗಿ ಆದ ಕೂಡಲೇ ಬಾಟಲಿ ಎತ್ತಿಡುವುದು ಇಲ್ಲಿಯ ದೊಡ್ಡ ತಪ್ಪು. ಹಿಗ್ಗಿದ ಕರುಳು ಮೊದಲಿನ ಅಳತೆಗೆ ಬರಲು ತಿಂಗಳುಗಳೇ ಬೇಕು. ಕಡಿಮೆ ಅಂದರೂ 2 ತಿಂಗಳು ಕೊಡಬೇಕು, ತೊಂದರೆ ಪೂರ್ತಿ ನಿಂತು 1 ತಿಂಗಳಾದ ಮೇಲೆ ನಿಧಾನಕ್ಕೆ ಇಳಿಸಬೇಕು ಅನ್ನುವುದು ಮಕ್ಕಳ ಹೊಟ್ಟೆಯ ತಜ್ಞರ ಮಾರ್ಗಸೂಚಿ. ಬಹಳ ಮಕ್ಕಳಿಗೆ ಅದಕ್ಕಿಂತ ಜಾಸ್ತಿ ಬೇಕಾಗುತ್ತದೆ.

ಮನೆಯಲ್ಲಿ ಮಾಡಬಾರದ್ದು: ಸಾಬೂನಿನ ತುಂಡು, ಔಡಲೆಣ್ಣೆ ಹಚ್ಚಿದ ಎಲೆಯ ತೊಟ್ಟು ಹಿಂದಿನಿಂದ ತೂರಿಸುವುದು. ಮೊದಲೇ ಮುಟ್ಟಿದರೆ ಬೆಚ್ಚುವ ಮಗು, ಆ ಮೇಲೆ ಸಂಡಾಸಿನ ಬಾಗಿಲು ಕಂಡರೂ ಓಡುತ್ತದೆ. ಬಟ್ಟಿ ಸರಿದಿದೆ ಅಂತ ಹೊಟ್ಟೆ ತಿಕ್ಕಿಸುವುದು, ಬರೆ ಹಾಕಿಸುವುದು ಇವತ್ತಿಗೂ ನಡೆದಿದೆ. ಬರೆ ಹಾಕಿಸುವುದು ಮಗುವಿನ ಮೇಲೆ ಮಾಡುವ ಹಿಂಸೆ. ಹಿರಿಯರು ಹೇಳಿದರೂ ಬೇಡ ಅನ್ನಿ.

ಹಂತ 6: ಕೂರುವ ಅಭ್ಯಾಸ

ಊಟ ಆದ 20–30 ನಿಮಿಷಕ್ಕೆ ದೊಡ್ಡ ಕರುಳು ತಾನೇ ಅಲುಗಾಡುತ್ತದೆ. ಆ ಹೊತ್ತು ಬಳಸಿಕೊಳ್ಳಿ. ಬೆಳಗಿನ ನಾಷ್ಟಾ ಮತ್ತು ರಾತ್ರಿ ಊಟ ಆದ ಮೇಲೆ 5 ನಿಮಿಷ ಕೂರಿಸಿ. ಆಗಲಿ ಬಿಡಲಿ, ಕೂತಿದ್ದಕ್ಕೇ ಶಹಬ್ಬಾಸ್ ಹೇಳಿ. ಅರ್ಧ ಗಂಟೆ ಕೂರಿಸಿ ಬಾಗಿಲು ಹಾಕುವುದು ಶಿಕ್ಷೆ, ಅಭ್ಯಾಸ ಅಲ್ಲ.

ಕಮೋಡ್ ಆದರೆ ಕಾಲ ಕೆಳಗೆ ಸ್ಟೂಲು ಇಡಿ, ಮಂಡಿ ಸೊಂಟಕ್ಕಿಂತ ಮೇಲೆ ಬರಬೇಕು. ಕಾಲು ನೇತಾಡಿದರೆ ಒತ್ತಡ ಕೊಡಲು ಆಗಲ್ಲ. ನಮ್ಮ ಕಡೆಯ ಕುಕ್ಕರಗಾಲಿನ ಸಂಡಾಸು ಭಂಗಿಗೆ ತುಂಬಾ ಒಳ್ಳೆಯದು, ಆದರೆ ಬೀಳುವ ಭಯ ಇರುವ ಮಗುವಿಗೆ ಗೋಡೆಗೆ ಹಿಡಿಕೆ ಬೇಕು.

ಮತ್ತೆ, ಒಳಗೆ ಹೋಗಿ ನೀವೇ ಒಂದು ನಿಮಿಷ ಸುಮ್ನೆ ನಿಂತು ನೋಡಿ. ಫ್ಲಶ್ಶಿನ ಸದ್ದು, ಗೋಡೆಗೆ ಬಡಿದು ವಾಪಸ್ ಬರುವ ನಮ್ಮದೇ ಧ್ವನಿ, ಒದ್ದೆ ನೆಲ, ಫಿನೈಲಿನ ವಾಸನೆ, ಮಿಣಮಿಣ ಟ್ಯೂಬ್‌ಲೈಟು. ನಮಗೆ ಇದೇನೂ ಅಲ್ಲ, ಅವರಿಗೆ ಒಂದೊಂದೂ ಚುಚ್ಚುತ್ತದೆ. ಮಗು ಹೊರಗೆ ಬಂದ ಮೇಲೆ ನೀರು ಹಾಕಿ, ನೆಲ ಒರೆಸಿಡಿ. ಬಾಗಿಲು, ಚಡ್ಡಿ ಇಳಿಸುವುದು, ಕೂರುವುದು, ತೊಳೆಯುವುದು, ಕೈ ತೊಳೆಯುವುದು, ಈ ಐದು ಫೋಟೋಗಳನ್ನು ನಿಮ್ಮ ಮನೆಯ ಸಂಡಾಸಿನಲ್ಲೇ ತೆಗೆದು ಸಾಲಾಗಿ ಅಂಟಿಸಿ. ಇಂಟರ್ನೆಟ್ಟಿನ ಚಿತ್ರ ಬೇಡ, ಅದು ಬೇರೆ ಯಾರದೋ ಮನೆ.

ಕೆಲವು ಮಕ್ಕಳಿಗೆ ಕಕ್ಕ ಬರುತ್ತಿದೆ, ಬಾಯಾರಿದೆ, ಹೊಟ್ಟೆ ತುಂಬಿದೆ ಅನ್ನುವ ಒಳಗಿನ ಸುದ್ದಿ ಸರಿಯಾಗಿ ತಿಳಿಯುವುದೇ ಇಲ್ಲ. ಇದಕ್ಕೆ ಇಂಟರೋಸೆಪ್ಷನ್ ಅಂತಾರೆ, ದೇಹದ ಒಳಗಿನದನ್ನು ಅರಿಯುವ ಶಕ್ತಿ. ಹಾಗಾಗಿ "ಬಂದಾಗ ಹೇಳು" ಅಂದರೆ ಪ್ರಯೋಜನ ಇಲ್ಲ, ಗಡಿಯಾರವೇ ಹೇಳಬೇಕು. ಸಿದ್ಧೇಶ್ವರ ಜಾತ್ರೆ, ಬನಶಂಕರಿ ಜಾತ್ರೆ, ಮದುವೆ ಅಂತ ಊರಿಗೆ ಹೋದರೆ ಈ ಮಕ್ಕಳು ಪರಸ್ಥಳದಲ್ಲಿ ತಡೆಹಿಡಿದುಬಿಡುತ್ತಾರೆ. ಮನೆಗೆ ವಾಪಸ್ ಬಂದ ವಾರದ ರಂಪಕ್ಕೆ "ದೃಷ್ಟಿ ತಾಗಿದೆ" ಅನ್ನುವ ಮೊದಲು ನೋಟ್‌ಬುಕ್ ತೆರೆಯಿರಿ.

ಹಂತ 7: ತಟ್ಟೆ

ನಿಮ್ಮ ಮಗುವಿನ ಊಟದ ಪಟ್ಟಿ ನನಗೆ ನೋಡದೆಯೂ ಗೊತ್ತು ಅನ್ನಿಸುತ್ತದೆ: ಬಿಸ್ಕೀಟು, ಖಾರಿ, ಟೋಸ್ಟು, ಹಾಲು, ಬಿಳಿ ಅನ್ನ. ಹೌದಲ್ವಾ? ಎಲ್ಲ ಮೈದಾ, ಎಲ್ಲ ಬಿಳಿ, ನಾರು ಇಲ್ಲ. ಎರಡು ವರ್ಷ ದಾಟಿದ ಮಕ್ಕಳಿಗೆ ಎಷ್ಟು ನಾರು ಬೇಕು ಅನ್ನುವುದಕ್ಕೆ ಒಂದು ಸುಲಭ ಲೆಕ್ಕ ಇದೆ, ವಯಸ್ಸಿಗೆ 5 ಸೇರಿಸಿದರೆ ಅಷ್ಟು ಗ್ರಾಂ. 6 ವರ್ಷದವನಿಗೆ ದಿನಕ್ಕೆ 11 ಗ್ರಾಂ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 10 ಗ್ರಾಂ ನಾರು ಇದೆ, ಸಜ್ಜೆಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಮೈದಾದಲ್ಲಿ 3 ಗ್ರಾಂ ಕೂಡ ಇಲ್ಲ. ಮನೆಯಲ್ಲಿ ದಿನಾ ರೊಟ್ಟಿ ಬಡಿಯುತ್ತೇವೆ, ಮಗು ಮಾತ್ರ ಟೋಸ್ಟ್ ತಿನ್ನುತ್ತದೆ.

ಮೊದಲು ಹಾಲು ಅಳೆಯಿರಿ. ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಕುಡಿದರೆ ಹಸಿವು ಸಾಯುತ್ತದೆ, ಊಟ ಒಳಗೆ ಹೋಗಲ್ಲ, ರಕ್ತಹೀನತೆ ಬರುತ್ತದೆ. ಬಾಟಲಿಯಲ್ಲಿ ಕುಡಿಯುವ ಐದು ವರ್ಷದವರು ನಮ್ಮ ಗುಂಪಿನಲ್ಲೇ ಇದ್ದಾರೆ. ನಿಧಾನಕ್ಕೆ ಇಳಿಸಿ.

ಹೊಸ ಊಟ ತಟ್ಟೆಗೆ ಬರಬೇಕಾದರೆ ಹಳೆಯದರ ಕೈ ಹಿಡಿದು ಬರಬೇಕು. ಮಗುವಿಗೆ ಖಾರಿ ಇಷ್ಟ ಯಾಕೆ? ಕರುಂ ಅನ್ನುತ್ತದೆ. ಹಾಗಾದರೆ ಮೆತ್ತನೆಯ ಬಿಸಿ ರೊಟ್ಟಿ ಬೇಡ, ಕಡಕ್ ರೊಟ್ಟಿ ತುಂಡು ಖಾರಿಯ ಪಕ್ಕ ಇಡಿ. ಮೊದಲ ವಾರ ಅದು ತಟ್ಟೆಯಲ್ಲಿದ್ದರೆ ಸಾಕು. ಆಮೇಲೆ ಮುಟ್ಟಲಿ, ಮೂಸಲಿ, ನೆಕ್ಕಿ ಬಿಡಲಿ. ಹತ್ತು ಹದಿನೈದು ಸಲ ಇಟ್ಟ ಮೇಲೆ ಒಂದು ದಿನ ಕಚ್ಚಬಹುದು. ಕಡಕ್ ಸಜ್ಜೆ ರೊಟ್ಟಿ, ಹುರಿದ ಶೇಂಗಾ (4 ವರ್ಷದ ಒಳಗಿನವರಿಗೆ ಇಡಿ ಶೇಂಗಾ ಬೇಡ, ಗಂಟಲಿಗೆ ಸಿಕ್ಕುತ್ತದೆ, ಪುಡಿ ಮಾಡಿ), ಹುರಿಗಡಲೆ, ಹೀಗೆ ಸದ್ದಿನ ದಾರಿಯಲ್ಲೇ ಹೋಗಿ. ಸಿಹಿ ಇಷ್ಟ ಇದ್ದರೆ ವಿಜಯಪುರದ ಒಣದ್ರಾಕ್ಷಿ ರಾತ್ರಿ ನೆನೆಸಿ ಬೆಳಿಗ್ಗೆ ಕೊಡಿ. ಪೇರಲ, ಪಪ್ಪಾಯಿ, ಅಂಜೂರ. ಸಂಶಯ ಬಾರದ ಹಾಗೆ ಹಾಲಿನಲ್ಲಿ ತರಕಾರಿ ರುಬ್ಬಿ ಹಾಕುವುದು ಮಾತ್ರ ಬೇಡ. ಒಮ್ಮೆ ನಾಲಿಗೆಗೆ ಗೊತ್ತಾದರೆ ಆ ಹಾಲೂ ಕೈತಪ್ಪುತ್ತದೆ, ಉಳಿದಿದ್ದ ಐದು ಊಟ ನಾಲ್ಕಾಗುತ್ತದೆ.

ನೀರು. ಏಪ್ರಿಲ್, ಮೇನಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ, ನೀರಿಲ್ಲದೆ ನಾರು ಕೊಟ್ಟರೆ ಅದೇ ಗಟ್ಟಿಯಾಗುತ್ತದೆ. ಬೋರಿನ ನೀರಿಗೂ ಫಿಲ್ಟರ್ ನೀರಿಗೂ ರುಚಿ ಬೇರೆ ಅಂತ ಕುಡಿಯದೇ ಇರುವ ಮಕ್ಕಳಿದ್ದಾರೆ, ಶಾಲೆಗೆ ಮನೆಯ ನೀರೇ ಕಳಿಸಿ. ತೆಳ್ಳನೆಯ ಮಜ್ಜಿಗೆಯೂ ನಡೆಯುತ್ತದೆ.

ಹಂತ 8: ಗೋಧಿ, ಹಾಲು ಬಿಡಿಸುವ ಮೊದಲು

"ಗ್ಲುಟೆನ್ ಬಿಡಿಸಿ, ಹಾಲು ಬಿಡಿಸಿ, ಮಾತು ಬರುತ್ತದೆ" ಅಂತ ಯಾರಾದರೂ ಹೇಳಿಯೇ ಇರುತ್ತಾರೆ. ಗ್ಲುಟೆನ್ ಅಂದರೆ ಗೋಧಿ, ಬಾರ್ಲಿಯಲ್ಲಿರುವ ಪ್ರೋಟೀನು. ಎಲ್ಲ ಆಟಿಸಂ ಮಕ್ಕಳಿಗೂ ಈ ಪಥ್ಯದಿಂದ ವರ್ತನೆ ಸುಧಾರಿಸುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇಲ್ಲ. ಕೆಲವೇ ಮಕ್ಕಳಿಗೆ ಸೀಲಿಯಾಕ್ ಇರುತ್ತದೆ, ಗ್ಲುಟೆನ್‌ನಿಂದ ಕರುಳೇ ಹಾಳಾಗುವ ಕಾಯಿಲೆ. ಇನ್ನು ಕೆಲವರಿಗೆ ಹಾಲಿನಿಂದಲೇ ಮಲಬದ್ಧತೆ ಆಗುತ್ತದೆ. ಅಂಥವರಿಗೆ ಬಿಡಿಸಲೇಬೇಕು.

ಆದ್ದರಿಂದ ಕ್ರಮ ತಪ್ಪಿಸಬೇಡಿ. ಗೋಧಿ ತಿನ್ನುತ್ತಿರುವಾಗಲೇ ಸೀಲಿಯಾಕ್‌ನ ರಕ್ತ ಪರೀಕ್ಷೆ (ಟಿಟಿಜಿ ಅಂತಾರೆ) ಮಾಡಿಸಿ. ಬಿಡಿಸಿ ಮೂರು ತಿಂಗಳಾದ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಹಾಲಿನ ಅನುಮಾನ ಇದ್ದರೆ ಡಾಕ್ಟರಿಗೆ ಹೇಳಿ 2ರಿಂದ 4 ವಾರ ನಿಲ್ಲಿಸಿ, ನೋಟ್‌ಬುಕ್ ಬರೆಯಿರಿ, ಮತ್ತೆ ಶುರು ಮಾಡಿ ನೋಡಿ. ಎರಡನ್ನೂ ಒಟ್ಟಿಗೆ ಬಿಡಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗಲ್ಲ. ಹಾಲು ನಿಲ್ಲಿಸಿದರೆ ಸುಣ್ಣದ ಅಂಶಕ್ಕೆ ರಾಗಿ, ಎಳ್ಳು ಬೇಕು. ಹಾಗೇ, ಅಂಗಡಿಯಲ್ಲಿ 'ಗ್ಲುಟೆನ್ ಫ್ರೀ' ಚೀಟಿ ಹಚ್ಚಿದ ಹಿಟ್ಟು ದುಬಾರಿ ಬೆಲೆಗೆ ಕೊಳ್ಳುವವರಿಗೆ ಒಂದು ಮಾತು: ಜೋಳ, ಸಜ್ಜೆ, ರಾಗಿ, ಅಕ್ಕಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ಸೀಲಿಯಾಕ್ ಇರುವ ಮಗುವಾದರೆ ಮಾತ್ರ ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿಸಬೇಡಿ.

ಹಂತ 9: ದುಡ್ಡು ಕೊಡುವ ಮೊದಲು ಎಣಿಸಿ

1998ರಲ್ಲಿ ಆಂಡ್ರೂ ವೇಕ್‌ಫೀಲ್ಡ್ ಎಂಬ ಇಂಗ್ಲೆಂಡಿನ ಡಾಕ್ಟರ್ 12 ಮಕ್ಕಳ ಮೇಲೆ ಬರೆದ ಲೇಖನದಲ್ಲಿ ಎಂಎಂಆರ್ ಲಸಿಕೆ (ದಡಾರ, ಮಂಗನಬಾವು, ರುಬೆಲ್ಲಾ ಬಾರದಂತೆ ಹಾಕುವುದು), ಕರುಳು, ಆಟಿಸಂ ಮೂರನ್ನೂ ಒಂದೇ ದಾರಕ್ಕೆ ಪೋಣಿಸಿದ. ಅದನ್ನು ಪ್ರಕಟಿಸಿದ್ದ 'ಲ್ಯಾನ್ಸೆಟ್' ಪತ್ರಿಕೆ 2010ರಲ್ಲಿ ಆ ಲೇಖನವನ್ನೇ ಹಿಂತೆಗೆದುಕೊಂಡಿತು, ಅದೇ ವರ್ಷ ಅವನ ಡಾಕ್ಟರ್ ನೋಂದಣಿಯೂ ರದ್ದಾಯಿತು. ಇವತ್ತಿಗೂ ಅದೇ ಕಥೆ ಹೇಳಿ ಲಸಿಕೆ ತಪ್ಪಿಸುವವರಿದ್ದಾರೆ.

ಕೀಲೇಶನ್, ಅಂದರೆ ರಕ್ತದಿಂದ ಲೋಹ ತೆಗೆಯುವ ಚಿಕಿತ್ಸೆಯನ್ನು ಆಟಿಸಂಗೆ ಅಂತ ಮಾಡಲು ಹೋಗಿ ಅಮೆರಿಕದಲ್ಲಿ 2005ರಲ್ಲಿ 5 ವರ್ಷದ ಹುಡುಗ ಸತ್ತ. ಪರೀಕ್ಷೆಯಲ್ಲಿ ನಿಜವಾಗಿ ಸೀಸದ ವಿಷ ಕಂಡರೆ ಡಾಕ್ಟರು ಮಾಡುವುದು ಬೇರೆ, 'ಡಿಟಾಕ್ಸ್' ಹೆಸರಿನಲ್ಲಿ ಮಾಡುವುದು ಬೇರೆ. ಕರುಳಿನ ಹುಳ ತೆಗೆಯುತ್ತೇವೆ ಅಂತ ಎಂಎಂಎಸ್ ಹೆಸರಲ್ಲಿ ಮಾರುವ ದ್ರಾವಣ ಬಟ್ಟೆ ಬಿಳಿಮಾಡುವ ಬ್ಲೀಚಿನ ಜಾತಿಯದು, ಹತ್ತಿರಕ್ಕೂ ಬಿಡಬೇಡಿ. ಐಜಿಜಿ ಅಂತ ನೂರು ಬಗೆ ಊಟದ 'ಸೆನ್ಸಿಟಿವಿಟಿ' ಹೇಳುವ ರಕ್ತ ಪರೀಕ್ಷೆಯನ್ನು ಅಲರ್ಜಿ ತಜ್ಞರು ಒಪ್ಪುವುದಿಲ್ಲ, ಆ ಪಟ್ಟಿ ನಂಬಿದರೆ ಮಗುವಿಗೆ ತಿನ್ನಲು ಏನೂ ಉಳಿಯಲ್ಲ. ಆರೋಗ್ಯವಂತರ ಕಕ್ಕದಿಂದ ಬ್ಯಾಕ್ಟೀರಿಯಾ ತೆಗೆದು ಕೊಡುವ ಪ್ರಯೋಗ ಅಮೆರಿಕದ ಅರಿಝೋನಾದಲ್ಲಿ ನಡೆದದ್ದು ನಿಜ, 2017ರಲ್ಲಿ ಪ್ರಕಟವಾಯಿತು, ಮಕ್ಕಳು ಸುಧಾರಿಸಿದರು ಅಂತಲೂ ಬರೆದರು. ಆದರೆ ಇದ್ದದ್ದು 18 ಮಕ್ಕಳು, ಸುಳ್ಳು ಔಷಧ ಕೊಟ್ಟು ಹೋಲಿಸುವ ಗುಂಪೇ ಇರಲಿಲ್ಲ. ಇನ್ನೂ ಸಂಶೋಧನೆಯ ಹಂತದ್ದು, ಕೊಳ್ಳುವ ವಸ್ತುವಲ್ಲ. ಪ್ರೋಬಯಾಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪುಡಿಯ ವಿಷಯದಲ್ಲಿ ಫಲಿತಾಂಶ ಮಿಶ್ರ, ಡಾಕ್ಟರ್ ಬರೆದರೆ ಒಂದು ತಿಂಗಳು ಕೊಟ್ಟು ನೋಡಿ. ಮನೆಯ ಮೊಸರು ಹೇಗೂ ಇದೆ.

ಹಂತ 10: ಶಾಲೆಗೆ ಹೇಳಿ, ಮತ್ತೆ ಎಣಿಸಿ

ಟೀಚರಿಗೆ ಒಂದು ಚೀಟಿ ಬರೆದುಕೊಡಿ. ಇವನು ಕೇಳದೆಯೇ 11 ಗಂಟೆಗೆ ನೀರು ಕುಡಿಸಿ, ಊಟ ಆದ ಮೇಲೆ ಸಂಡಾಸಿಗೆ ಕಳಿಸಿ, ಬೆಂಚಿಗೆ ಹೊಟ್ಟೆ ಒತ್ತಿದರೆ ನನಗೆ ಫೋನ್ ಮಾಡಿ. ಮೂರೇ ಸಾಲು, ಜಾಸ್ತಿ ಬರೆದರೆ ಓದಲ್ಲ. ನೋವು ಹೇಳಲು ಮಗುವಿಗೂ ಒಂದು ದಾರಿ ಬೇಕು: ಹೊಟ್ಟೆಯ ಚಿತ್ರದ ಕಾರ್ಡ್ ಕೊರಳಿಗೆ ಹಾಕಿ, ನೀವೇ ನಿಮ್ಮ ಹೊಟ್ಟೆ ಮುಟ್ಟಿ ಕಾರ್ಡ್ ತೋರಿಸುತ್ತಾ "ಹೊಟ್ಟಿ ನೋವು" ಅಂತ ದಿನಾ ಆಡಿ ತೋರಿಸಿ. ಸ್ಪೀಚ್ ಥೆರಪಿಯವರಿಗೂ ಇದನ್ನೇ ಮೊದಲು ಕಲಿಸಿ ಅನ್ನಿ. ಬಣ್ಣದ ಹೆಸರು ಆಮೇಲೆ ಕಲಿತರೂ ನಡೆಯುತ್ತದೆ.

ಮೂರು ತಿಂಗಳಿಗೆ ಮತ್ತೆ ಎರಡು ವಾರ ಬರೆಯಿರಿ, ಮೊದಲ ನೋಟ್‌ಬುಕ್ಕಿನ ಪಕ್ಕ ಇಡಿ. ಕಕ್ಕ 3, 4ಕ್ಕೆ ಬಂದಿದೆ, ರಂಪವೂ ಇಳಿದಿದೆ ಅಂದರೆ ಔಷಧ ಹೇಗೆ ಇಳಿಸುವುದು ಅಂತ ಡಾಕ್ಟರನ್ನು ಕೇಳಿ. ಕಕ್ಕ ಸರಿಯಾಗಿದೆ, ಆದರೆ ರಂಪ ಮೊದಲಿನಷ್ಟೇ ಇದೆ ಅಂದರೆ ಹೊಟ್ಟೆಯನ್ನು ಅಲ್ಲಿಗೆ ಬಿಡಿ, ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ನಿದ್ದೆ ನೋಡಿ, ತರಗತಿಯ ಗದ್ದಲ ನೋಡಿ. ಕಕ್ಕವೇ ಇನ್ನೂ 1, 2ರಲ್ಲಿದೆ ಅಂದರೆ ಎರಡೂ ನೋಟ್‌ಬುಕ್ ಹಿಡಿದು ಮಕ್ಕಳ ಹೊಟ್ಟೆಯ ತಜ್ಞರ ಹತ್ತಿರ ಕಳಿಸಿ ಅಂತ ಚೀಟಿ ಬರೆಸಿಕೊಳ್ಳಿ.